ಕೆಮ್ಮಿನ ಗೆರೆಗಳು

"ಏ ಹುಲೀ, ಅತ್ಲಾಗ್ ಮುಖ ತಿರುಗ್ಸಿ ಕೆಮ್ಮೇ ಮುಂಡೆ! ಆ ಅಕ್ಕಿ ನಾಕು ಜನ ಉಣ್ಣೋದು. ನಿನ್ನ ಎಂಜಲು ಬೆರೆಸಿ ಕಳಿಸ್ತೀಯೇನು?"

ಮೇಸ್ತ್ರಿ ಲೋಕಪ್ಪ ಹೀಗೆ ಕೂಗಿದಾಗ ಹುಲಿಯಮ್ಮನ ಕೈಯಲ್ಲಿ ದಬ್ಬಣವಿತ್ತು, ಮುಂದೆ ಬಾಯಿ ತೆರೆದ ಅಕ್ಕಿ ಚೀಲವಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಮಲ್ಲೇಶಪ್ಪನವರ ಮಿಲ್ಲಿನಲ್ಲಿ ಕೆಮ್ಮುವುದಿದ್ದರೆ ಗೋಡೆಗೇ ಕೆಮ್ಮಬೇಕು. ಗೋಡೆಯೊಂದೇ ತಿರುಗಿ ಬೈಯುತ್ತಿರಲಿಲ್ಲ.

"ಮಧ್ಯಾಹ್ನ ಇಸ್ಕೂಲಿಗೆ ಹೋಗ್ಬೇಕ್ರಿ," ಎಂದಳು ಉಸಿರು ಕೂಡಿಸಿಕೊಂಡು. "ಸಭೆ ಐತಂತೆ. ಹತ್ತನೇ ಕ್ಲಾಸಿನ ಮಕ್ಕಳ ತಾಯಂದ್ರೆಲ್ಲಾ ಬರ್ಬೇಕಂತೆ."

"ನೀನ್ ಹೋಗಿ ಅಲ್ಲೇನ್ ಕಡಿದು ಗುಡ್ಡೆ ಹಾಕ್ತೀ? ಹೆಬ್ಬೆಟ್ಟು ಒತ್ತಾಕ್ ಬಂದ್ರೆ ಸಾಕು ನಿಂಗೆ. ಹೋಗು, ಹಾಳಾಗ್ ಹೋಗು. ನಾಳೆ ಹೊಟ್ಟಿನ ಕೋಣೆ ಗುಡಿಸೋದು ನಿನ್ನ ತಲೆ ಮ್ಯಾಲೆ."

ಹೊಟ್ಟಿನ ಕೋಣೆ ಎಂದರೆ ಮಿಲ್ಲಿನ ಧೂಳೆಲ್ಲ ಬಂದು ಸೇರುವ ಜಾಗ. ಹುಲಿಯಮ್ಮ ತಲೆಯಾಡಿಸಿದಳು. ಅವಳಿಗೆ ಹೊಟ್ಟಿನ ಕೋಣೆಯದ್ದಲ್ಲ ಚಿಂತೆ. ಬೆಳಿಗ್ಗೆ ಮಗಳು ಅಂದದ್ದು ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು.

"ನೀನೇನ್ ಬರೋದ್ ಬ್ಯಾಡವ್ವ," ಅಂದಿದ್ದಳು ನಾಗಶ್ರೀ, ಮುಖ ನೋಡದೆ.

ಹರಿದ ಸೀರೆಗೆ ನಾಚಿಕೊಂಡಳೇನೋ ಎಂದುಕೊಂಡಿದ್ದಳು ಹುಲಿಯಮ್ಮ. ಇರೋದು ಇಬ್ಬರೇ. ಅದರಲ್ಲೂ ಒಬ್ಬಳು ಇನ್ನೊಬ್ಬಳಿಗೆ ನಾಚಿಕೊಂಡರೆ ಉಳಿಯುವುದೇನು?

ಗಂಡ ಕೆಂಪಪ್ಪ ಇದೇ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು. ಎರಡು ವರ್ಷದ ಕೆಳಗೆ ಕೆಮ್ಮಿ ಕೆಮ್ಮಿ ಹೋದ. ಅವನು ಹೋದ ಮೇಲೆ ಹುಲಿಯಮ್ಮ ದಬ್ಬಣವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. "ತಾಳಿ ಹೋಗಿ ದಬ್ಬಣ ಬಂತು ನೋಡು," ಎಂದು ಪಕ್ಕದ ಮನೆಯ ಹುಚ್ಚಮ್ಮ ತಮಾಷೆ ಮಾಡಿದರೆ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು.

ಹೊಲಿಗೆಯಲ್ಲಿ ಹುಲಿಯಮ್ಮನನ್ನು ಮೀರಿಸಿದವರಿಲ್ಲ. ಮಿಷನ್ನು ಹಾಕುವ ಸರಪಳಿ ಹೊಲಿಗೆಯನ್ನು ಅವಳು ಕೈಯಲ್ಲೇ ಹಾಕುತ್ತಿದ್ದಳು. ಅದರಲ್ಲೊಂದು ಮರ್ಮವಿದೆ. ಒಂದು ತುದಿಯಿಂದ ಎಳೆದರೆ ಹೊಲಿಗೆ ಇನ್ನಷ್ಟು ಬಿಗಿಯುತ್ತದೆ, ಬೆರಳು ಕೊಯ್ದುಕೊಂಡರೂ ಬಿಚ್ಚುವುದಿಲ್ಲ. ಇನ್ನೊಂದು ತುದಿ ಸಿಕ್ಕಿದರೆ ಒಂದೇ ಎಳೆತ, ಚೀಲದ ಬಾಯಿ ಸರ್ರನೆ ತೆರೆದುಕೊಳ್ಳುತ್ತದೆ. ಆ ತುದಿಯನ್ನು ಒಳಗೆ ಮಡಚಿ ಬಚ್ಚಿಡುವುದೇ ಹೊಲಿಯುವವಳ ಕೈಚಳಕ.

ಅದೇ ಹೊಲಿಗೆಯನ್ನು ಮಗಳ ಪುಸ್ತಕಕ್ಕೂ ಹಾಕಿಕೊಟ್ಟಿದ್ದಳು.

ಪ್ರಾಜೆಕ್ಟು ಅಂದಿದ್ದಳು ನಾಗಶ್ರೀ. ಮಿಲ್ಲಿನ ಧೂಳಿನಿಂದ ಬರುವ ಕೆಮ್ಮಿನ ಬಗ್ಗೆ. ಕೇರಿಯ ಆರು ಮನೆಗೆ ಹೋಗಿ ಮಿಲ್ಲಿಗೆ ದುಡಿಯುವ ಹೆಂಗಸರ ಹತ್ತಿರ ಕೂತು ಕೇಳಿ ಬರೆದುಕೊಂಡು ಬಂದಳು. ಮನೆಯಲ್ಲಂತೂ ಬೆಳಿಗ್ಗೆ ಒಲೆ ಹಚ್ಚಿದಾಗಿನಿಂದ ರೊಟ್ಟಿ ತಟ್ಟಿ ಮುಗಿಯುವ ತನಕ ಅವ್ವನ ಬೆನ್ನ ಹಿಂದೆಯೇ ಕೂತಿರುತ್ತಿದ್ದಳು. ಅವ್ವ ಒಮ್ಮೆ ಕೆಮ್ಮಿದರೆ ಹಾಳೆಯ ಮೇಲೆ ಪೆನ್ಸಿಲಿನ ಒಂದು ಗೆರೆ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಮೂವತ್ತು ದಿನ ಹೀಗೆ.

"ನಿಮ್ಮವ್ವನ ಸಾವು ಎಷ್ಟು ದೂರ ಐತಿ ಅಂತ ಎಣಿಸ್ತೀಯೇನೇ?" ಎಂದು ಗದರಿದ್ದಳು ಹುಲಿಯಮ್ಮ.

"ಎಣಿಸಿದ್ರೆ ನಂಬ್ತಾರವ್ವ. ಬರೀ ಬಾಯಿಮಾತಿಗೆ ಯಾರ್ ನಂಬ್ತಾರೆ?"

ಇದಕ್ಕೇನು ಸಿಗುತ್ತದೆ ಎಂದು ಕೇಳಿದಾಗ ಮಗಳು ಬಿಡಿಸಿ ಹೇಳಿದ್ದಳು. "ಪರೀಕ್ಷೆ ಬೇರೆ. ಅದಲ್ದೆ ಒಂದೊಂದು ವಿಷಯಕ್ಕೂ ಇಪ್ಪತ್ತು ಇಪ್ಪತ್ತು ನಂಬರು ಮೇಷ್ಟ್ರ ಕೈಯಾಗೆ ಇರ್ತಾವೆ. ಅವು ಪೂರಾ ಬಿದ್ರೆ ಶಿವಮೊಗ್ಗದಾಗೆ ಸೀಟು, ಹಾಸ್ಟೆಲ್ಲು, ಸೈನ್ಸು."

"ಬೀಳ್ಲಿಲ್ಲಾಂದ್ರೆ?"

"ಬೀಳ್ಲಿಲ್ಲಾಂದ್ರೆ ಏನು, ನಿನ್ನ ಪಕ್ಕದಾಗೆ ನಂಗೂ ಒಂದು ದಬ್ಬಣ."

ಪುಸ್ತಕ ಹೊಲಿಯುವಾಗ ಕೊನೆಯ ನಾಲ್ಕು ಹೊಲಿಗೆ ತಾನೇ ಹಾಕುತ್ತೇನೆಂದು ನಾಗಶ್ರೀ ಹಟ ಮಾಡಿದಳು. ದಬ್ಬಣ ಚುಚ್ಚಿ ಬೆರಳಲ್ಲಿ ರಕ್ತ ಬಂತು. ಹಾಕಿಯೇ ಬಿಟ್ಟಳು. "ಸಾಕ್ ಬಿಡು, ಈ ಕೆಲಸ ನೀನ್ ಕಲೀಬಾರ್ದು," ಎಂದು ಹುಲಿಯಮ್ಮ ದಬ್ಬಣ ಕಿತ್ತುಕೊಂಡಿದ್ದಳು.

ಪುಸ್ತಕ ಕೊಟ್ಟು ಬಂದ ವಾರದಿಂದ ಹುಡುಗಿಗೆ ಬಾಯಿಯೇ ಇಲ್ಲದಂತಾಯಿತು. ಕೇಳಿದರೆ "ನಂಬರು ಬಿದ್ದಾವೆ ಬಿಡವ್ವ," ಅಷ್ಟೇ. ಬೆಳಿಗ್ಗೆ ಬೆನ್ನ ಹಿಂದೆ ಬಂದು ಕೂರುವುದೂ ನಿಂತಿತು. ಹುಲಿಯಮ್ಮ ಒಲೆಯ ಮುಂದೆ ಒಬ್ಬಳೇ ಕೆಮ್ಮುತ್ತಿದ್ದಳು. ಹಾಳು ಕೆಮ್ಮು, ಅದನ್ನು ಎಣಿಸುವವರಿದ್ದಾಗ ಮನೆಯಲ್ಲೊಂದು ಜೀವ ಇದೆ ಅನಿಸುತ್ತಿತ್ತು. ಈಗ ಮಗಳು ಇದ್ದೂ ಮನೆ ಬಣಬಣ ಅನ್ನುತ್ತಿತ್ತು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಶಾಲೆಯೂ ಮಲ್ಲೇಶಪ್ಪನವರ ಸಂಸ್ಥೆಯದ್ದೇ. ಮುಂದೆ ಕುರ್ಚಿಗಳಿದ್ದವು, ಹಿಂದೆ ತಾಡಪಾಲು ಹಾಸಿದ್ದರು. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೇರಿಯಿಂದ ಬೇರೆ ಯಾರೂ ಬಂದಿರಲಿಲ್ಲ. ಅಷ್ಟು ದೊಡ್ಡ ತಾಡಪಾಲಿನ ಅಂಚಿನಲ್ಲಿ ಹುಲಿಯಮ್ಮ ಒಬ್ಬಳೇ ಮಂಡಿ ಮಡಚಿ ಕೂತಳು. ಹುಡುಗಿಯರ ಸಾಲಿನ ಕೊನೆಯಲ್ಲಿದ್ದ ನಾಗಶ್ರೀ ಅವ್ವನನ್ನು ಕಂಡಳು. ಕಂಡವಳೇ ತಲೆ ತಗ್ಗಿಸಿದಳು.

ವೇದಿಕೆಯ ಮೇಲೆ ನಡುವೆ ಮಲ್ಲೇಶಪ್ಪ, ಒಂದು ಪಕ್ಕಕ್ಕೆ ಹತ್ತನೇ ಕ್ಲಾಸಿನ ಉಸ್ತುವಾರಿಯೂ ಆಗಿದ್ದ ಸಮಾಜ ಪಾಠದ ಗುರುಪ್ರಕಾಶ್ ಮೇಷ್ಟ್ರು, ಇನ್ನೊಂದು ಪಕ್ಕಕ್ಕೆ ಇಂಟರ್ನಲ್ ನಂಬರು ಪರಿಶೀಲಿಸಲು ಬಂದ ಸಾಹೇಬರು. ಸಾಹೇಬರು ಮೈಕಿನ ಮುಂದೆ ನಿಂತು ಹೇಳಿದರು.

"ಇವತ್ತು ಸಂಜೆಗೆ ಎಲ್ಲಾ ಮಕ್ಕಳ ನಂಬರು ಕಂಪ್ಯೂಟರಿಗೆ ಹೋಗುತ್ತೆ. ಈ ಸಲ ನಾವು ಬಹಳ ಬಿಗಿಯಾಗಿದೀವಿ. ಅಂಗಡೀಲಿ ಕೊಂಡಿದ್ದು, ಇನ್ನೊಬ್ಬರ ಹತ್ರ ಬರೆಸಿದ್ದು ನಡೆಯಲ್ಲ. ಮಗು ತಾನೇ ನೋಡಿ ತಾನೇ ಬರೆದಿರ್ಬೇಕು. ಅಂಥದ್ದೊಂದು ಇಲ್ಲಿ ಸಿಕ್ಕಿದೆ ನನಗೆ. ಕೇಳಿ."

ಒಂದು ಪುಸ್ತಕ ತೆರೆದು ಓದತೊಡಗಿದರು. "ನಮ್ಮೂರಿನ ಅಕ್ಕಿ ಮಿಲ್ಲಿನಲ್ಲಿ ಕೆಂಪಪ್ಪ ಎಂಬ ಹಮಾಲರಿದ್ದರು. ಇಪ್ಪತ್ತೆರಡು ವರ್ಷ ಚೀಲ ಹೊತ್ತರು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡರು. ಅವರ ಕೆಮ್ಮನ್ನು ಯಾರೂ ಎಣಿಸಿರಲಿಲ್ಲ..."

ಹುಲಿಯಮ್ಮನ ಮೈ ಜುಮ್ಮೆಂದಿತು. ಅಯ್ಯೋ, ನನ್ನ ಗಂಡ! ಬದುಕಿದ್ದಾಗ "ಲೇ ಕೆಂಪ" ಬಿಟ್ಟು ಇನ್ನೊಂದು ಕೇಳದವನ ಹೆಸರು ಮೈಕಿನಲ್ಲಿ, 'ಅವರು ಇವರು' ಸೇರಿಸಿಕೊಂಡು, ಇಡೀ ಊರಿಗೆ ಕೇಳುತ್ತಿತ್ತು. ಚಪ್ಪಾಳೆ ಬಿತ್ತು. ಮಗಳ ಹೆಸರು ಕರೆಯುತ್ತಾರೆ, ತಾಯಿಯನ್ನೂ ಕರೆದೇ ಕರೆಯುತ್ತಾರೆ ಎಂದುಕೊಂಡವಳು ಕರೆಯುವ ತನಕ ತಡೆಯಲಿಲ್ಲ. ಎದ್ದು, ಕೈಗೆ ಅಂಟಿದ್ದ ತೌಡನ್ನು ಸೀರೆಗೆ ಒರೆಸಿಕೊಂಡು, ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿದಳು.

ಆ ಕಡೆಯ ಮೆಟ್ಟಿಲಿಂದ ಮಲ್ಲೇಶಪ್ಪನ ಮೊಮ್ಮಗಳು ಸ್ಪಂದನ ಹತ್ತಿ ಬರುತ್ತಿದ್ದಳು.

"ಏ, ಏ! ಯಾರಮ್ಮ ನೀನು? ಎಲ್ಲಿಗ್ ನುಗ್ತಾ ಇದೀಯಾ?" ಗುರುಪ್ರಕಾಶ್ ಕೈ ಅಡ್ಡ ಹಿಡಿದರು.

"ನನ್ ಮಗಳ್ದುರೀ ಅದು. ನಾಗಶ್ರೀದು. ಈಗ ಓದಿದ್ರಲ್ಲ, ಅದು ನನ್ ಗಂಡನ ಹೆಸ್ರು."

ಕುರ್ಚಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುರುಪ್ರಕಾಶ್ ಸಾಹೇಬರ ಕೈಯಿಂದ ಪುಸ್ತಕ ತೆಗೆದುಕೊಂಡು ರಟ್ಟನ್ನು ಅವಳ ಮೂಗಿನ ಹತ್ತಿರ ಹಿಡಿದರು. "ಇಲ್ ನೋಡು. ಸ್ಪಂದನ ಅಂತ ಇದೆ. ಓದು. ಓದಕ್ ಬರುತ್ತಾ?"

ಹುಲಿಯಮ್ಮ ಆ ಅಕ್ಷರಗಳನ್ನು ನೋಡಿದಳು. ಅವು ಅವಳಿಗೆ ಏನೂ ಹೇಳಲಿಲ್ಲ. ರಟ್ಟು ಮಾತ್ರ ಹೊಸದು, ಮೇಲೆ ಅಂಟಿಸಿದ್ದು. ಬೆನ್ನ ಹೊಲಿಗೆ ತನ್ನದೇ.

"ಬಿಡ್ರಿ ಮೇಷ್ಟ್ರೇ, ಅದಕ್ಕೇನ್ ತಿಳೀತೈತಿ," ಎಂದರು ಮಲ್ಲೇಶಪ್ಪ ಕೂತಲ್ಲಿಂದಲೇ. "ನಮ್ ಹುಡುಗಿ ಕರುಳು ಚುರುಕ್ ಅಂದು ನಿಮ್ ಕಷ್ಟ ಬರ್ದೈತೆ ಕಣೇ. ಕೈ ಮುಗಿದು ಇಳಿ."

ಸಾಹೇಬರು ವಾಚು ನೋಡಿಕೊಂಡರು. "ನಾಗಶ್ರೀ ಯಾರು? ಎದ್ದೇಳಮ್ಮ. ಇದು ನೀನು ಮಾಡಿದ್ದಾ?"

ನಾಗಶ್ರೀ ಎದ್ದಳು. ಅವಳ ಕಣ್ಣು ಸಾಹೇಬರ ಮೇಲೆ ನಿಲ್ಲದೆ ಗುರುಪ್ರಕಾಶರ ಕಡೆ ಹೋಯಿತು. ಅವರು ತಮ್ಮ ಮುಂದಿದ್ದ ನಂಬರಿನ ಪಟ್ಟಿಯ ಮೇಲೆ ಪೆನ್ನು ಅಡ್ಡ ಇಟ್ಟು ಸುಮ್ಮನೆ ನೋಡುತ್ತಿದ್ದರು.

"ಅಲ್ಲ ಸಾರ್," ಎಂದಳು ನಾಗಶ್ರೀ. "ಅವ್ವ, ಇಳ್ದು ಬಾ. ಅದು ನಂದಲ್ಲ."

ಹುಲಿಯಮ್ಮನಿಗೆ ನಿಂತ ಹಲಗೆ ಜರುಗಿದಂತಾಯಿತು. ಇಡೀ ಊರಿನ ಮುಂದೆ ಮಗಳೇ ತನ್ನನ್ನು ಸುಳ್ಳಿ ಮಾಡಿ ನಿಲ್ಲಿಸಿದ್ದಳು. ಮರುಕ್ಷಣವೇ ಮಗಳು ನಿಂತ ರೀತಿ ಕಣ್ಣಿಗೆ ಬಿತ್ತು. ಭುಜ ಒಳಗೆಳೆದುಕೊಂಡು, ಕೈ ಹಿಂದೆ ಕಟ್ಟಿ, ನೆಲ ನೋಡುತ್ತಾ. ದಿನಾ ಲೋಕಪ್ಪನ ಮುಂದೆ ತಾನು ನಿಲ್ಲುವುದೂ ಹೀಗೆಯೇ. ಇಪ್ಪತ್ತು ಇಪ್ಪತ್ತು ನಂಬರು ಮೇಷ್ಟ್ರ ಕೈಯಾಗೆ ಇರ್ತಾವವ್ವ. ಎಲ್ಲ ತಿಳಿಯಿತು. ಪುಸ್ತಕ ಕಿತ್ತುಕೊಂಡು, ಬಾಯಿ ಬಿಟ್ಟರೆ ನಂಬರು ಹೋಗುತ್ತದೆ ಅಂದಿದ್ದಾರೆ. ಅದಕ್ಕೇ ಬಾಯಿ ಕಟ್ಟಿತ್ತು ಹುಡುಗಿಗೆ, ಅದಕ್ಕೇ ಬರಬೇಡ ಅಂದಿತ್ತು. ಹಿಂಗ್ ನಿಲ್ಲೋದು ಕಲಿಯಾಕಾ ನಾನು ಇದನ್ನ ಇಸ್ಕೂಲಿಗೆ ಕಳಿಸಿದ್ದು?

ಗುರುಪ್ರಕಾಶರ ಕೈಯಿಂದ ಪುಸ್ತಕ ತೆಗೆದುಕೊಂಡಳು. ಅವಳು ಹಾಗೆ ಮಾಡಿಯಾಳೆಂದು ಅವರು ಎಣಿಸಿರಲಿಲ್ಲವಾದ್ದರಿಂದ ಪುಸ್ತಕ ಸುಲಭವಾಗಿ ಬಂತು. ನಡುವಿನ ಹಾಳೆ ತೆರೆದು ಸಾಹೇಬರಿಗೆ ತೋರಿಸಿದಳು.

"ಅಕ್ಷರ ಓದಾಕ್ ಬರಲ್ಲ ಸ್ವಾಮಿ ನಂಗೆ. ಇವನ್ನ ಓದಾಕ್ ಬರ್ತೈತಿ. ಇವು ನನ್ ಕೆಮ್ಮು."

"ಗೆರೆ ಯಾರ್ ಬೇಕಾದ್ರೂ ಎಳೀಬಹುದು ಸಾರ್," ಎಂದರು ಗುರುಪ್ರಕಾಶ್.

"ಇದನ್ನೆಲ್ಲ ಆಮೇಲೆ ನೋಡೋಣಮ್ಮ," ಎಂದರು ಸಾಹೇಬರು. "ಅರ್ಜಿ ಕೊಡು ಬೇಕಾದ್ರೆ. ಬರೆಸಿಕೊಂಡು ಬಂದು ಕೊಡು."

"ಕಾಗದ ಬರೆಸಾಕ್ ನಂಗ್ಯಾರ್ ಅದಾರೆ? ಬರೆಯೋಳು ಅಲ್ ನಿಂತಾಳೆ, ನೋಡ್ರಿ, ಬಾಯಿಗ್ ಬಟ್ಟೆ ಕಟ್ಟಿಸ್ಕಂಡು."

ಹುಲಿಯಮ್ಮ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ ಬೆನ್ನಿನ ಮೇಲೆ ಬೆರಳು ಓಡಿಸಿದಳು. ಒಳಗೆ ಮಡಚಿಟ್ಟ ತುದಿ ಉಗುರಿಗೆ ಸಿಕ್ಕಿತು. ಮಗಳ ಶಿವಮೊಗ್ಗ ಈ ದಾರದ ತುದಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕೈ ಒಮ್ಮೆ ತಡೆಯಿತು.

ಎಳೆದಳು.

ಸರ್ರೆಂದು ಹೊಲಿಗೆ ಬಿಚ್ಚಿಕೊಂಡಿತು. ರಟ್ಟು ಒಂದು ಕಡೆ ಬಿತ್ತು. ಹಾಳೆಗಳು ಮೇಜಿನಿಂದ ಜಾರಿ ಮಲ್ಲೇಶಪ್ಪನ ಕಾಲಿನ ಮೇಲೆ, ವೇದಿಕೆಯ ತುಂಬ ಹರಡಿದವು.

"ಲೇ ಬೋಸುಡಿ!" ಮಲ್ಲೇಶಪ್ಪ ಎದ್ದು ನಿಂತ. ಮೈಕಿನಲ್ಲಿ ಅದೂ ಊರಿಗೆಲ್ಲ ಕೇಳಿತು.

ಹುಲಿಯಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಕೊರಳಿನ ದಬ್ಬಣ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ಪುಸ್ತಕ ಯಾರ್ದೋ, ಅವ್ರೇ ಹೊಲೀಲಿ," ಎಂದಳು. "ಎಲ್ಲಿತ್ತೋ ಅಲ್ಲೇ ಜೋಡಿಸ್ಲಿ ನೋಡಾನ, ಯಾವ ದಿನದ ಕೆಮ್ಮು ಎಲ್ಲಿ ಅಂತ."

ಸ್ಪಂದನ ಚೆಲ್ಲಿದ ಹಾಳೆಗಳನ್ನು ನೋಡಿದಳು. ದಬ್ಬಣ ನೋಡಿದಳು. "ತಾತ, ಮನೆಗ್ ಹೋಗಾಣ," ಎಂದು ಅಳತೊಡಗಿದಳು.

ಇನ್ನೂ ಏನೋ ಹೇಳಲು ಹೋದ ಹುಲಿಯಮ್ಮನಿಗೆ ಕೆಮ್ಮು ಒತ್ತಿಕೊಂಡು ಬಂತು. ತಿರುಗಿಕೊಳ್ಳಲು ಅಲ್ಲಿ ಗೋಡೆ ಇರಲಿಲ್ಲ. ಮೈಕು ಎದುರಿಗೇ ಇತ್ತು. ಕೆಮ್ಮು ಶಾಮಿಯಾನದ ಮೇಲಿನ ಹಾರ್ನುಗಳಲ್ಲಿ ದೊಡ್ಡದಾಗಿ ಹೊರಟು, ರಸ್ತೆ ದಾಟಿ, ಕೇರಿಯ ತನಕ ಹೋಯಿತು. ಯಾರೂ ನಗಲಿಲ್ಲ, ಯಾರೂ ನೀರೂ ಕೊಡಲಿಲ್ಲ. ಮೇಜು ಹಿಡಿದು ಬಗ್ಗಿದವಳು ಕಣ್ಣೀರಿನ ನಡುವೆಯೇ ಹುಡುಗಿಯರ ಸಾಲಿನ ಕೊನೆ ನೋಡಿದಳು. ನಾಗಶ್ರೀ ಕುಸಿದು ಕೂತಿದ್ದಳು. ಅವಳ ಬೆರಳು ಮಾತ್ರ ತನ್ನಷ್ಟಕ್ಕೆ ಮಣ್ಣಿನ ಮೇಲೆ ಓಡುತ್ತಿತ್ತು. ಒಂದು ಕೆಮ್ಮಿಗೆ ಒಂದು ಗೆರೆ. ನಾಲ್ಕು ನೆಟ್ಟಗೆ.

ಐದನೆಯದನ್ನು ಅಡ್ಡ ಎಳೆದು ನಾಗಶ್ರೀ ಎದ್ದಳು.

ಕುರ್ಚಿಗಳ ನಡುವಿನ ದಾರಿಯಲ್ಲೇ ನಡೆದು ಬಂದು ವೇದಿಕೆ ಹತ್ತಿದಳು. ಗುರುಪ್ರಕಾಶ್ ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಅಂದರು, "ನಾಗಶ್ರೀ, ಇನ್ನೂ ಸಂಜೆ ಆಗಿಲ್ಲ. ಪಟ್ಟಿ ನನ್ ಹತ್ರಾನೇ ಇದೆ. ಆರೂ ವಿಷಯದ್ದು."

ಅವಳು ಕೇಳಿದಳೋ ಇಲ್ಲವೋ. ನೆಲಕ್ಕೆ ಕೂತು ಹಾಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಮಲ್ಲೇಶಪ್ಪನ ಬೂಟಿನ ಕೆಳಗೆ ಸಿಕ್ಕಿದ್ದನ್ನೂ ಎಳೆದುಕೊಂಡಳು. ದಿನ ನೋಡಿ ಜೋಡಿಸಿ, ಮಂಡಿಯ ಮೇಲೆ ತಟ್ಟಿ, ಅಂಚು ಸರಿಮಾಡಿದಳು. ಹೊಸ ರಟ್ಟನ್ನು ಬಿದ್ದಲ್ಲೇ ಬಿಟ್ಟಳು. ಮೇಜಿನ ಮೇಲಿಂದ ದಬ್ಬಣ ತೆಗೆದುಕೊಂಡು ಅವ್ವನ ಕಡೆ ಕೈ ಚಾಚಿದಳು.

"ದಾರ ಕೊಡವ್ವ."

ಗುರುಪ್ರಕಾಶ್ ಪೆನ್ನಿನ ಮುಚ್ಚಳ ತೆಗೆದರು. ಹುಲಿಯಮ್ಮ ಬೆರಳಿಗೆ ಸುತ್ತಿದ್ದ ದಾರ ಬಿಚ್ಚತೊಡಗಿದಳು.