ಎಲ್ಲಾ ಗಂಡೇ

ಮತ್ತೆ ತಲೆಯಾಡಿಸುತ್ತಿದೆ, ಗಂಡು ಕಣಜ, ಹೆಣ್ಣಿನ ಬೆನ್ನೇರಿ ಹೌದು ಹೌದು ಎನ್ನುವ ಹಾಗೆ ತಲೆ ಕುಣಿಸುತ್ತಿದೆ, ಹೆಣ್ಣು ಮಾತ್ರ ಕಲ್ಲು — ಒಪ್ಪಿದ್ದರೆ ಇಷ್ಟು ಹೊತ್ತಿಗೆ ತಲೆಯ ಮೇಲಿನ ಕುಡಿಮೀಸೆ ಬಗ್ಗಿಸಬೇಕಿತ್ತು, ಬಗ್ಗಿಸೇ ಮೂದೇವಿ, ಎಂದು ಅವಳು ಮೈಕ್ರೋಸ್ಕೋಪಿಗೆ ಕಣ್ಣೊತ್ತಿಕೊಂಡೇ ಹಲ್ಲು ಕಡಿದಳು, ಕಣಜ ಸಾಕುವ ಈ ಕೋಣೆಯಲ್ಲಿ ಉಳಿದ ಕೊನೆಯ ಹೆಣ್ಣು ಇದು, ಮೇಲಿರುವುದು ಅದರ ಮಗನೇ ಇರಬಹುದು, ಇರಲಿ, ಇಲ್ಲಿ ಯಾರಿಗೆ ನಾಚಿಕೆ, ಕೂಡಿದರೆ ವಂಶ ಉಳಿಯಿತು, ಇಲ್ಲದಿದ್ದರೆ ವಂಶವೂ ಹೋಯಿತು, ಬಾಗಿಲಲ್ಲಿ ಸಾಹೇಬರ ಪಕ್ಕ ನಿಂತಿರುವ, ಇಲ್ಲಿಗೆ ಹೊಸಬಳಾದ ನಾದಿನಿಯ ಕೆಲಸವೂ ಹೋಯಿತು. ಕೂಡದ ಹೆಣ್ಣು ಬಂಜೆಯಲ್ಲ, ನೊಣದ ಮರಿ ಮಲಗಿರುವ ಕೋಶ ಚುಚ್ಚಿ ಮೊಟ್ಟೆಯಿಡುತ್ತದೆ, ಆದರೆ ಹುಟ್ಟುವುದು ಬರೀ ಗಂಡು, ಗಂಡು ಕಣಜ ನೊಣದ ತಂಟೆಗೇ ಹೋಗುವುದಿಲ್ಲ, ಕೋಳಿ ಫಾರಂನವರು ನೊಣ ಕೊಲ್ಲಲೆಂದು ಇಲ್ಲಿಂದ ಒಯ್ಯುವುದು ಹೆಣ್ಣನ್ನೇ ನಂಬಿ. ಹೋದ ಸಲ ತಟ್ಟೆ ತೆರೆದಾಗ ನಾದಿನಿಯೇ ಕೂಗಿದ್ದು, ಅತ್ತಿಗೇ, ಬನ್ನಿ ನೋಡಿ, ಎಲ್ಲಾ ಗಂಡೇ, ಅಮ್ಮಂಗೆ ಹೇಳಿದ್ರೆ ಕುಣಿದಾಡ್ತಾಳೆ — ಅತ್ತೆ, ತನಗೆ ಎರಡನೆಯದೂ ಹೆಣ್ಣಾದಾಗ ಕೂಸಿನ ಮುಖ ಬಿಟ್ಟು ಆಸ್ಪತ್ರೆಯ ಗೋಡೆ ನೋಡುತ್ತಾ ಕೂತಿದ್ದ ಅತ್ತೆ — ಸಾಹೇಬರು ನಗಲಿಲ್ಲ, ಇಷ್ಟೊಂದು ಗಂಡಿಟ್ಕೊಂಡು ನಾನೇನ್ರೀ ಮಾಡ್ಲಿ, ಮೆರವಣಿಗೆ ತೆಗೀಲಾ, ಯಾರು ಏನು ಹಾಕಿದ್ರು ಇಲ್ಲಿ? ಯಾರೆಂದರೆ ಯಾರು, ತಾನೇ, ಕಪಾಟಿನ ಕಾಲು ಹತ್ತಿ ತಟ್ಟೆಗೆ ನುಗ್ಗುವ ಇರುವೆಗಳ ಕಾಟ ತಾಳಲಾರದೆ ಗಿಡಕ್ಕೆ ಹೊಡೆಯುವ ಔಷಧಿಗೆ ನೀರಿನ ಮೇಲೆ ನೀರು ಬೆರೆಸಿ, ಬಟ್ಟೆ ಅದ್ದಿ ಕಪಾಟು, ತಟ್ಟೆ ಎಲ್ಲವನ್ನೂ ಒರೆಸಿದವಳು, ಮರುದಿನ ಬಂದು ನೋಡಿದರೆ ಒಂದು ಕಣಜವೂ ಸತ್ತಿರಲಿಲ್ಲ, ಗಾಜಿನ ಮೇಲೆ ಠೀವಿಯಿಂದ ಓಡಾಡುತ್ತಿದ್ದವು, ಸದ್ಯ ಬದುಕಿದೆ ಎಂದುಕೊಂಡಿದ್ದಳು. ಸತ್ತಿದ್ದರೇ ಚೆನ್ನಾಗಿತ್ತು, ಅಂದೇ ಗೊತ್ತಾಗುತ್ತಿತ್ತು, ಆ ವಿಷ ಜೀವ ಉಳಿಸಿ ಆಸೆಯನ್ನಷ್ಟೇ ತಿಂದಿತು, ಗಂಡು ಬಿಟ್ಟ ವಾಸನೆ ಹೆಣ್ಣಿಗೆ ಹತ್ತುವುದಿಲ್ಲ, ಹೆಣ್ಣು ಎದುರಿಗಿದ್ದರೂ ಗಂಡಿಗೆ ತಾಳ ತಪ್ಪುತ್ತದೆ, ನೋಡು, ಕುಣಿಯುತ್ತಾ ಕುಣಿಯುತ್ತಾ ನಿಲ್ಲಿಸಿಯೇ ಬಿಟ್ಟಿತು, ಮತ್ತೆ ಶುರು, ಹೌದು ಹೌದು, ಯಾರಿಗೆ ಬೇಕು ನಿನ್ನ ಹೌದು.

ಒರೆಸಿದ್ದು ನಾನು ಅಂದುಬಿಟ್ಟರೆ? ತನ್ನ ಕೆಲಸ, ಮಕ್ಕಳ ಶಾಲೆ, ಇಷ್ಟು ವರ್ಷದ ಹೆಸರು — ನಾದಿನಿಗಾದರೆ ಹೋಗಲು ಗಂಡನ ಮನೆಯಾದರೂ ಇದೆ, ಇದೆಯಲ್ಲ, ಹೊಡೆಯುತ್ತಾನೆ, ಯಾವ ಗಂಡ ಹೊಡೆಯುವುದಿಲ್ಲ, ಛೀ, ಇದು ಅತ್ತೆಯ ಮಾತು, ತನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು, ಕೆಲಸ ಇರೋ ತನಕ ಇಲ್ಲಿರು, ಆಮೇಲೆ ನಿನ್ನ ಗಂಡನ ಹತ್ರ ನಡಿ, ಅಂತ ಹೆತ್ತ ಮಗಳಿಗೆ ಅತ್ತೆಯೇ ಹೇಳಿಲ್ಲವೇ, ಅದು ಅವರವರ ತಾಯಿ ಮಗಳ ವಿಷಯ, ನಡುವೆ ತಾನ್ಯಾರು. ಸಾಹೇಬರು ಕೆಮ್ಮಿದರು, ಏನಾಯ್ತಮ್ಮ, ಕೂಡಿತಾ? ಇಲ್ಲ ಸಾರ್. ಈ ತಟ್ಟೆ, ಕಪಾಟು ಒರೆಸೋ ಕೆಲಸ ಯಾರ್ದು? ಕಣ್ಣು ಗಾಜಿನ ಮೇಲೆಯೇ ಇರಲಿ, ತಲೆಯೆತ್ತಬಾರದು, ಇವಳ್ದೇ ಸಾರ್, ಎಂದಳು, ತುಟಿ ಅಲುಗಿತೋ ಇಲ್ಲವೋ, ಅಷ್ಟು ಮೆಲ್ಲಗೆ. ಏನಂದ್ರಿ ಅತ್ತಿಗೆ? ಗಂಡನ ಏಟಿಗೆ ಒಂದು ಕಿವಿ ಹೋದವಳು, ಕೇಳುವ ಕಿವಿಯನ್ನು ಈ ಕಡೆ ತಿರುಗಿಸಿ ನಾದಿನಿ ಹತ್ತಿರ ಬಂದಳು, ಅತ್ತಿಗೆ ತನ್ನ ಪರವಾಗಿಯೇ ಏನೋ ಹೇಳಿರಬೇಕೆಂದು ಮುಖದಲ್ಲಿ ಆಗಲೇ ನಗು. ಇನ್ನೊಮ್ಮೆ ಹೇಳಬೇಕು, ಜೋರಾಗಿ ಹೇಳಬೇಕು, ಹೇಳಿದಳು, ಎಲ್ಲಾ ಒರೆಸಿದ್ದು ನೀನೇ ಅಂದೆ ಕಣೇ — ಗಾಜಿನ ಕೆಳಗೆ ಅದು ಇನ್ನೂ ತಲೆಯಾಡಿಸುತ್ತಿದೆ, ಹೌದು, ಹೌದು, ಹೌದು