ಯುಗಾದಿ ದರ

ಏಜೆಂಟ್ ಮಹೇಶಕುಮಾರ ಚಿತ್ತಾಪುರದಿಂದ ಬಂದು, ಚಹಾ ಕುಡಿದು, ಜಾಮೀನು ಕಾಗದ ಮುಂದಿಟ್ಟಾಗ ರತ್ನಾಬಾಯಿಯ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಹೊಸ ಕರಾರಿಗೆ ಗಂಡ ಅಂಬಾರಾಯನ ಸಹಿ ಆಗಲೇ ಬಿದ್ದಿತ್ತು. ಇವಳೂ ಜಾಮೀನಿಗೆ ಸಹಿ ಹಾಕಿದರೆ ಇನ್ನೆರಡು ವರ್ಷ ಅವನು ನೈಜೀರಿಯಾದ ಸಿಮೆಂಟ್ ಕಾರ್ಖಾನೆಯಲ್ಲೇ, ತಿಂಗಳಿಗೆ ಅಲ್ಲಿನ ಮೂರು ಲಕ್ಷ ನೈರಾ ಸಂಬಳಕ್ಕೆ.

ಮೂರು ಲಕ್ಷವಂತೆ, ಮಣ್ಣು! ವಾಡಿಯ ಖಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತಿದ್ದ ಮನುಷ್ಯ ಮೊದಲು ಹೋದದ್ದು ನೈಜೀರಿಯಾದ ಆಚೆಗಿನ ಟೋಗೋ ದೇಶಕ್ಕೆ, ನಾಲ್ಕು ಲಕ್ಷ ಫ್ರಾಂಕಿಗೆ. ಆ ಫ್ರಾಂಕನ್ನು ಯುರೋದ ಗೂಟಕ್ಕೆ ಕಟ್ಟಿದ್ದಾರೆ, ಸುಲಭಕ್ಕೆ ಅಲ್ಲಾಡುವುದಿಲ್ಲ. ಮನೆಗೆ ನಲವತ್ತು ಸಾವಿರ ರೂಪಾಯಿ ಬರುತ್ತಿತ್ತು. ಹೋದ ವರ್ಷ ಯುಗಾದಿಗೆ ಕಂಪನಿ ಅವನನ್ನು ನೈಜೀರಿಯಾಕ್ಕೆ ಕಳಿಸಿತು. ನಾಲ್ಕು ಲಕ್ಷ ಫ್ರಾಂಕಿನ ಬದಲು ಮೂರು ಲಕ್ಷ ನೈರಾ. ಅಂದಿನ ದರಕ್ಕೆ ಅದು ಸರಿಯೇ. ಮೂರು ತಿಂಗಳೊಳಗೆ ಅಲ್ಲಿನ ಸರ್ಕಾರ ನೈರಾದ ಹಗ್ಗ ಬಿಚ್ಚಿ ಪೇಟೆಗೆ ಬಿಟ್ಟಿತು. ಬಿತ್ತು ನೋಡಿ, ಬಿದ್ದೇ ಬಿತ್ತು. ಈಗ ಅದೇ ಮೂರು ಲಕ್ಷಕ್ಕೆ ಒಂದೂಕಾಲು ಲಕ್ಷ ಫ್ರಾಂಕೂ ಹುಟ್ಟುವುದಿಲ್ಲ. ಮನೆಗೆ ಬರುವುದು ಹನ್ನೆರಡು ಸಾವಿರ.

ಇದನ್ನೆಲ್ಲ ಮೊಬೈಲಿನಲ್ಲಿ ನೋಡಿಕೊಂಡೇ ಕೂತಿದ್ದಳು. ಸಂಬಳ ಫ್ರಾಂಕಿನಲ್ಲಿ ಬರೆಯಿರಿ, ಕೊಡುವ ದಿನ ಅದಕ್ಕೆಷ್ಟು ನೈರಾ ಆಗುತ್ತದೋ ಅಷ್ಟು ಕೊಡಲಿ ಎಂದಳು. ಏಜೆಂಟ್ ನಕ್ಕ. ದರ ಕಟ್ಟಿಬಿಡಿ ಎಂದು ಗಂಟುಬಿದ್ದವನು ನಿಮ್ಮ ಗಂಡನೇ, ಖಣಿಯ ಪದ್ಧತಿಯಂತೆ, ಎಂದ.

ಅದು ಸುಳ್ಳಲ್ಲ. ಖಣಿಯಲ್ಲಿ ಯುಗಾದಿಗೆ ಕಟ್ಟಿದ ಕೂಲಿಯನ್ನು ಡೀಸೆಲ್ ಏರಲಿ, ಇಳಿಯಲಿ, ವರ್ಷವಿಡೀ ಯಾರೂ ಮುಟ್ಟುವುದಿಲ್ಲ. ಆ ನಂಬಿಕೆಯನ್ನೇ ಪರದೇಶದ ನೋಟಿಗೂ ಕಟ್ಟಿ ಬಂದಿದ್ದ, ಪುಣ್ಯಾತ್ಮ.

"ಯುಗಾದಿಗಿ ದರ ಕಟ್ತಾರ, ಖರೆ," ಎಂದಳು ರತ್ನಾಬಾಯಿ. "ಮುಂದಿನ ಯುಗಾದಿಗಿ ಮತ್ತ ಹೊಸಾದು ಕಟ್ತಾರ. ಹೋದ ವರ್ಷದ ದರಕ್ಕ ಈ ವರ್ಷ ಕಲ್ಲು ಎತ್ತೋ ಹುಚ್ಚ ನಮ್ಮ ವಾಡ್ಯಾಗ ಒಬ್ಬನೂ ಇಲ್ರಿ."

ಜಾಮೀನಿಲ್ಲದಿದ್ದರೆ ಕಂಪನಿ ಅವನನ್ನು ಮನೆಗೆ ಕಳಿಸುತ್ತದೆ ಎಂದು ಏಜೆಂಟ್ ಹೆದರಿಸಿದ. ಕಳಿಸಲಿ ಎಂದು ಕಾಗದವನ್ನು ಅವನ ಚೀಲಕ್ಕೇ ತುರುಕಿದಳು. ಅವನು ಹೊಸಿಲು ದಾಟಿದ ಕೂಡಲೇ ಗಂಡನಿಗೆ ಫೋನು ಹಚ್ಚಿದಳು. ಬುದ್ಧಿ ಎಲ್ಲಿ ಅಡವಿಟ್ಟು ಸಹಿ ಮಾಡಿದಿರಿ ಎಂದು ಬಾಯಿಗೆ ಬಂದಂತೆ ಬೈದಳು.

"ಮೂರು ಲಕ್ಷ ಪಗಾರ ಅಂತ ಊರೆಲ್ಲ ಹೇಳೀನಿ. ಯಾವ ಮುಖ ಹೊತ್ತು ಬರ್ಲಿ?" ಎಂದ ಅಂಬಾರಾಯ. "ಒಂದೊತ್ತು ಉಂಡು ಆ ಹನ್ನೆರಡು ಸಾವಿರ ಕಳಸಾಕತ್ತೀನಿ."

ರತ್ನಾಬಾಯಿಯ ಸಿಟ್ಟು ಮಾತ್ರ ಇಳಿಯಲಿಲ್ಲ.

"ಇನ್ನೊಂದೊತ್ತು ಉಣ್ಣಾಕರೆ ಬರ್ರಿ," ಎಂದಳು.