ಹೊದಿಕೆಯಡಿಯ ಬಟ್ಟಲು

ನಮ್ಮ ಮನೆಯಲ್ಲಿ ಬದುಕಿರುವವನೊಬ್ಬನಿಗೆ ವರ್ಷಕ್ಕೊಮ್ಮೆ ತಿಥಿ ನಡೆಯುತ್ತಿತ್ತು. ನನ್ನ ಗಂಡ ಜೇಮುನ್‌ನ ಅಣ್ಣ ಜೇಸೊಪ್‌ನಿಗೆ. ನಾಡು ಉತ್ತರ ದಕ್ಷಿಣವೆಂದು ಒಡೆದು ಕಾದಾಡಿದ ಯುದ್ಧದ ಮೊದಲ ವರ್ಷ ಉತ್ತರದ ಸೈನ್ಯ ನಮ್ಮ ಮುಖೋ ಬಂದರಿಗೆ ಬಂದು ಹಿಂದಿರುಗುವಾಗ ಅವನೂ ಅವರ ಜೊತೆ ಹೋದ. ಎಳೆದೊಯ್ದರೋ, ತಾನೇ ಹೋದನೋ, ದೇವರೇ ಬಲ್ಲ. ಗಡಿಯಾಚೆ ಅವನನ್ನು ಕಂಡೆನೆಂದು ಒಬ್ಬ ಬಂದು ಹೇಳಿದ ದಿನವೇ ಮಾವ ಪೊಲೀಸ್ ಠಾಣೆಗೆ ಹೋಗಿ, ಹಿರಿಮಗ ಬಾಂಬಿಗೆ ಸಿಕ್ಕಿ ಸತ್ತನೆಂದು ಬರೆಸಿ ಬಂದರು. ಉತ್ತರದಲ್ಲಿ ಮಗನಿದ್ದರೆ ಅದು ಕೆಂಪು ಮನೆ, ಕಮ್ಯುನಿಸ್ಟರ ಮನೆ. ಆ ಮನೆಯ ತಮ್ಮನಿಗೆ ಮೇಷ್ಟರ ಕೆಲಸವಿರಲಿ, ಜೈಲು ತಪ್ಪಿದರೆ ಪುಣ್ಯ. ಸತ್ತನೆಂದ ಮೇಲೆ ತಿಥಿ ಮಾಡದಿದ್ದರೆ ಬೀದಿ ಸುಮ್ಮನಿರುತ್ತದೆಯೇ? ಹೀಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹಿಡಿದೆವು. ಮಾವ ತೀರಿಕೊಂಡರು, ಅವರ ಸುಳ್ಳು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ತಿಥಿಯ ಮೇಜಿನ ಮೇಲೆ ಮೀನು, ಬೋರೆಹಣ್ಣು, ಸಾರು, ಅನ್ನ. ಜೇಮುನ್ ಅಣ್ಣನ ಹೆಸರು ಬರೆದ ಕಾಗದಕ್ಕೆ ನಮಸ್ಕರಿಸಿ, ಅನ್ನದ ನಡುವೆ ಚಮಚವನ್ನು ನೆಟ್ಟಗೆ ನೆಡುತ್ತಿದ್ದ. ನೆಟ್ಟ ಚಮಚ ಸತ್ತವರದು. ಮಕ್ಕಳು ಆಟಕ್ಕೆ ಹಾಗೆ ಮಾಡಿದರೂ ನಮ್ಮಲ್ಲಿ ಕೈಗೆ ಏಟು ಬೀಳುತ್ತದೆ. ಸರಿಯಾಗಿ ಆ ಗಳಿಗೆಗೆ ಅತ್ತೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಅದೇ ಅತ್ತೆ ದಿನಾ ಸಂಜೆ ಹಿತ್ತಾಳೆಯ ಬಟ್ಟಲಿಗೆ ಬಿಸಿ ಅನ್ನ ತುಂಬಿ, ಮುಚ್ಚಳ ಹಾಕಿ, ಒಲೆಯ ಕಾವು ಹಾಯುವ ನೆಲದ ಮೂಲೆಯಲ್ಲಿ ಹೊದಿಕೆಯಡಿ ಇಡುತ್ತಿದ್ದರು. ಹೊರಗೆ ಹೋಗಿ ಇನ್ನೂ ಬರಬೇಕಾದವರಿಗೆ ಇಡುವ ಅನ್ನ ಅದು. ಯಾರಾದರೂ ಕೇಳಿದರೆ ಜೇಮುನ್‌ನಿಗೆ, ಅವನು ಬರುವುದು ತಡ ಎನ್ನುತ್ತಿದ್ದರು. ಜೇಮುನ್ ಬೆಳಕಿರುವಾಗಲೇ ಬಂದು ಎದುರಿಗೇ ಕುಳಿತಿರುತ್ತಿದ್ದ. ಆ ಬಟ್ಟಲು ಕಂಡರೆ ನನಗೆ ಮೈಯೆಲ್ಲ ಉರಿ. ಮರುದಿನ ಆ ತಣ್ಣನೆಯ ಅನ್ನ ತಿನ್ನಬೇಕಾದವಳು ನಾನೇ ತಾನೆ?

ಎಪ್ಪತ್ತೆರಡನೇ ಇಸವಿಯ ಜುಲೈ ನಾಲ್ಕರಂದು ನಾನು ಅಂಗಳದಲ್ಲಿ ಬೊಂಡಾಸ್ ಮೀನು ಒಣಹಾಕುತ್ತಿದ್ದೆ. ಬೀದಿಯ ರೇಡಿಯೋಗಳೆಲ್ಲ ಒಟ್ಟಿಗೆ ಮಾತಾಡತೊಡಗಿದವು. ನಮ್ಮ ರಾಜಧಾನಿ ಸೋಲ್‌ನವರೂ ಉತ್ತರದ ಪ್ಯೊಂಗ್ಯಾಂಗ್‌ನವರೂ ಒಂದೇ ಹೊತ್ತಿಗೆ ಒಂದೇ ಒಪ್ಪಂದ ಓದಿದರು. ಹೊರಗಿನವರ ಹಂಗಿಲ್ಲದೆ, ಜಗಳವಿಲ್ಲದೆ, ಒಂದೇ ಜನವಾಗಿ ಒಂದಾಗುತ್ತೇವೆ ಎಂದು. ನಿನ್ನೆಯವರೆಗೆ ಉತ್ತರದವರನ್ನು ರಾಕ್ಷಸರೆಂದು ಬೈಯುತ್ತಿದ್ದ ರೇಡಿಯೋ ಅದು. ಅತ್ತೆ ಬರಿಗಾಲಲ್ಲೇ ಅಂಗಳಕ್ಕೆ ಓಡಿಬಂದರು.

“ಕೇಳಿದ್ಯಾ ಮಗಾ? ಇಬ್ರೂ ರಾಜಿ ಆದ್ರಂತೆ. ಇನ್ನು ನನ್ನ ಮಗ ಸತ್ತಿರೋದು ಬೇಡ.”

“ಮೆತ್ತಗೆ ಅತ್ತೆ. ಗೋಡೆಗೂ ಕಿವಿ ಇರುತ್ತೆ.”

“ಇರ್ಲಿ ಬಿಡು. ಗೋಡೆನೂ ಕೇಳಿ ಖುಷಿಪಡ್ಲಿ.”

ಮುಂದಿನ ವಾರವೇ ತಿಥಿ. ಬೀದಿಯ ಉಸ್ತುವಾರಿ ಹೊತ್ತಿದ್ದ ಕ್ಯೊಂಗ್‌ಜಳ ಅಮ್ಮ ಎಂದಿನಂತೆ ಪ್ರಸಾದಕ್ಕೆ ಬಂದು ಕುಳಿತಿದ್ದಳು. ಯಾರ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಠಾಣೆಗೆ ತಿಳಿಸುವವಳು ಅವಳೇ. ಜೇಮುನ್ ಚಮಚ ಎತ್ತಿಕೊಂಡ. ಅಡುಗೆಮನೆಗೆ ಹೋಗಬೇಕಾಗಿದ್ದ ಅತ್ತೆ ಹೋಗದೆ, ಮುಂದೆ ಬಂದು ಅವನ ಮಣಿಕಟ್ಟು ಹಿಡಿದುಕೊಂಡು, ಈ ವರ್ಷ ನೆಡುವುದು ಬೇಡ ಎಂದುಬಿಟ್ಟರು. ಸೆಕೆಗೆ ಇವರಿಗೆ ತಲೆ ಸುತ್ತುತ್ತಿದೆ, ಏನೇನೋ ಅನ್ನುತ್ತಾರೆ ಎಂದು ಅವರನ್ನು ಎಳೆದು ಕೂರಿಸಿದೆ. ಕ್ಯೊಂಗ್‌ಜಳ ಅಮ್ಮ ಮೇಜಿನ ಮೇಲೆ ಅಡ್ಡಬಿದ್ದ ಚಮಚವನ್ನೇ ನೋಡಿದಳು. ತನ್ನ ಪಾಲು ಕಟ್ಟಿಸಿಕೊಂಡು ಮಾತಿಲ್ಲದೆ ಎದ್ದು ಹೋದಳು. ಆ ಹೆಂಗಸು ಮಾತಾಡಿದರೆ ಹೆದರಿಕೆ, ಮಾತಾಡದಿದ್ದರೆ ಇನ್ನೂ ಹೆದರಿಕೆ.

ಅಂದಿನಿಂದ ಅಂಚೆಯವನ ಸೈಕಲ್ ನಿಂತರೂ ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಮುಖ್ಯೋಪಾಧ್ಯಾಯರು ಕೆಮ್ಮಿದರೂ ತನ್ನನ್ನೇ ಕರೆದಂತಾಗುತ್ತದೆ ಎನ್ನುತ್ತಿದ್ದ ಜೇಮುನ್. ಅತ್ತೆಗೆ ಮಾತ್ರ ಹಬ್ಬ. ಸೆಪ್ಟೆಂಬರಿನಲ್ಲಿ ಉತ್ತರದವರು ಸೋಲ್‌ಗೆ ಮಾತುಕತೆಗೆ ಬಂದರು, ಉಂಡರು, ನಕ್ಕರು. ಮುಂದಿನ ಸಲ ನನ್ನ ಮಗನೇ ಬರುತ್ತಾನೆ ಎಂದರು ಅತ್ತೆ. ನಂಬಬಾರದು, ನಂಬಬಾರದು ಎಂದುಕೊಳ್ಳುತ್ತಲೇ ನಾನೂ ಒಂದು ಸಂಜೆ ಆ ಬಟ್ಟಲಿಗೆ ಇನ್ನೊಂದು ಹಿಡಿ ಅನ್ನ ಹಾಕಿದೆ.

ಅಕ್ಟೋಬರಿನಲ್ಲಿ ಅದೇ ರೇಡಿಯೋ ಇನ್ನೊಂದು ದನಿಯಲ್ಲಿ ಮಾತಾಡಿತು. ಸೋಲ್‌ನ ಬೀದಿಗೆ ಟ್ಯಾಂಕುಗಳು ಬಂದವು, ಸಂಸತ್ತಿಗೆ ಬೀಗ ಬಿತ್ತು. ಉತ್ತರದೊಡನೆ ಮಾತಾಡಬೇಕಾದರೆ ನಾಡು ಬಿಗಿಯಾಗಿರಬೇಕಂತೆ, ಅದಕ್ಕೆ ನಾವು ಬಾಯಿ ಮುಚ್ಚಬೇಕಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅವರು ರಾಜಿಯಾದರೂ ಬಡವಾದದ್ದು ಕೂಸೇ.

ಕೆಲವೇ ದಿನಗಳಲ್ಲಿ ಕ್ಯೊಂಗ್‌ಜಳ ಅಮ್ಮ ಹಿತ್ತಲ ಬಾಗಿಲಿಗೆ ಬಂದಳು.

“ನಾಳೆ ಠಾಣೆಯಿಂದ ಒಬ್ರು ಬರ್ತಾರೆ. ತಿಥಿ ದಿನದ್ದು ಕೇಳ್ತಾರೆ. ನಾನು ಹೇಳಿದ್ದಲ್ಲ ಕಣೆ. ನಂಬೋದು ಬಿಡೋದು ನಿಂಗೆ ಬಿಟ್ಟಿದ್ದು.”

ಅವಳು ಹೋದದ್ದೇ ತಡ, ನಾನು ಅತ್ತೆಯ ಮೇಲೆ ಹರಿಹಾಯ್ದೆ. ಎಲ್ಲೋ ಇರುವ ಮಗನಿಗಾಗಿ ಮನೆಯಲ್ಲಿರುವ ಮಗನನ್ನು ಬಲಿ ಕೊಡುತ್ತಿದ್ದೀರಿ ಎಂದೆ. ಅತ್ತೆ ಅಂದೂ, ಮರುದಿನ ಸಂಜೆಯೂ ಬಟ್ಟಲಿಗೆ ಅನ್ನ ತುಂಬಿ ಹೊದಿಕೆಯಡಿ ಇಟ್ಟರು.

ಬಂದವನು ಇನ್ನೂ ಎಳೆಯ ಮುಖದವನು. ನಾವು ಊಟಕ್ಕೆ ಕುಳಿತಿದ್ದೆವು. ಚಳಿಯಲ್ಲಿ ಬಂದವರಿಗೆ ಬೆಚ್ಚಗಿನ ಜಾಗ ಬಿಟ್ಟುಕೊಡುವ ರೂಢಿ ನಮ್ಮದು. ಹಾಳು ರೂಢಿ, ಹೆದರಿಕೆಯಲ್ಲೂ ತಪ್ಪಲಿಲ್ಲ, ನಾನೇ ಆ ಮೂಲೆ ತೋರಿಸಿದೆ. ಅವನು ಕುಳಿತು ಹೊದಿಕೆಯೊಳಗೆ ಕಾಲು ಚಾಚಿದ. ಕಾಲಿಗೆ ಏನೋ ತಗಲಿತು. ಎತ್ತಿ ನೋಡಿದರೆ ಬಿಸಿಬಿಸಿ ಬಟ್ಟಲು.

“ಮನೇಲಿರೋರು ಮೂವರು, ಮೂವರೂ ಉಣ್ತಾ ಇದೀರಿ. ಇದು ಯಾರಿಗೆ?”

ಅತ್ತೆ ಎದ್ದು ಅವನ ಕೈಯಿಂದ ಬಟ್ಟಲು ತೆಗೆದುಕೊಂಡರು. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು, ಹಬೆ ಎದ್ದಿತು. ತಾವು ಉಣ್ಣುತ್ತಿದ್ದ ಚಮಚವನ್ನೇ ಒರೆಸಿ ಅನ್ನದ ನಟ್ಟನಡುವೆ ನೆಟ್ಟರು.

“ನನ್ನ ಹಿರಿಮಗನಿಗೆ. ಸತ್ತೋದೋನಿಗೆ. ಬೇಸಿಗೇಲಿ ಮುದುಕಿಗೆ ಅರಳುಮರಳು ಹಿಡಿದು ತಪ್ಪೋಗಿತ್ತು. ಇವತ್ತು ತೀರಿಸ್ತಾ ಇದೀನಿ.”

ಹುಡುಗ ನೆಟ್ಟ ಚಮಚವನ್ನು ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ಬೂಟು ಹಾಕಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ. ಜೇಮುನ್‌ನ ಕೆಲಸ ಉಳಿಯಿತು.

ಮರುದಿನ ಸಂಜೆ ಅನ್ನ ಆದರೂ ಅತ್ತೆ ಏಳಲಿಲ್ಲ. ಹಿತ್ತಾಳೆಯ ಬಟ್ಟಲು ಗೂಡಿನಲ್ಲೇ ಇತ್ತು. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಯಾಕೆ ಅತ್ತೆ, ಇವತ್ತು ಇಡುವುದಿಲ್ಲವೇ ಎಂದೆ.

“ಜೇಮುನ್ ವರ್ಷ ವರ್ಷಾ ನೆಡ್ತಿದ್ದದ್ದು ಸರ್ಕಾರಕ್ಕೆ ತೋರ್ಸೋಕೆ. ಹೆತ್ತೋಳು ನೆಟ್ರೆ ಹಾಗಲ್ಲ ಮಗಾ. ಈ ಕೈಯಿಂದ ಇನ್ನು ಅನ್ನ ಇಟ್ರೆ ಅದು ಸತ್ತೋನ ಅನ್ನವೇ. ನೀನಿಡು. ನಿನ್ನ ಕೈ ನೆಟ್ಟಿಲ್ಲ.”

ನನಗೆ ಅಳು ಬಂತು, ಸಿಟ್ಟೂ ಬಂತು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ಎರಡು ಸಲ ನೋಡಿ ಬಂದೆ. ಆಮೇಲೆ ಬಟ್ಟಲಿಗೆ ಅನ್ನ ಒತ್ತಿ ತುಂಬಿ, ಹೊದಿಕೆ ಎತ್ತಿದೆ. ಅತ್ತೆ ಕಾಲು ಸರಿಸಿ ಜಾಗ ಕೊಟ್ಟರು.